ಗೋ, ವೆಂಟ್, ಗಾನ್: ಇಂಗ್ಲಿಷ್‌ನ ಅನಿಯಮಿತ ಕ್ರಿಯಾಪದಗಳ ಭೂತಕಾಲ ಕಲಿಯುವುದು ಹೇಗೆ?

“ಪಟ್ಟಿ ಪೂರ್ತಿ ಉರು ಹೊಡೆದಿದ್ದೀನಿ, ಮಾತಾಡೋವಾಗ ಮಾತ್ರ ಒಂದೂ ಬಾಯಿಗೆ ಬರಲ್ಲ.” “‘ಗೋ’ಗೆ ‘ವೆಂಟ್’ ಅಂತ ಚೆನ್ನಾಗಿ ಗೊತ್ತು. ಆದರೂ ‘ಡಿಡ್ ಯೂ ವೆಂಟ್’ ಅಂತಲೇ ಬಂದುಬಿಡುತ್ತೆ.” ಇಂಗ್ಲಿಷ್ ಕಲಿಯುವವರು ಮತ್ತೆ ಮತ್ತೆ ಹೇಳಿಕೊಳ್ಳುವ ಕಷ್ಟಗಳಿವು. ಕಾಲೇಜು ಹುಡುಗರು ಕೇಳುತ್ತಾರೆ, ಆಫೀಸಿನಲ್ಲಿ ದಿನಾ ಮೇಲ್ ಬರೆಯುವವರು ಕೇಳುತ್ತಾರೆ, ಮಕ್ಕಳಿಗೆ ಹೋಮ್‌ವರ್ಕ್ ಮಾಡಿಸುವ ಅಪ್ಪ ಅಮ್ಮಂದಿರೂ ಕೇಳುತ್ತಾರೆ.

ಇದರಲ್ಲಿ ಎರಡು ತೊಂದರೆ ಸೇರಿಕೊಂಡಿವೆ. ಒಂದು, ರೂಪ ಗೊತ್ತಿಲ್ಲದಿರುವುದು. ಅಂದರೆ ‘ಕ್ಯಾಚ್’ಗೆ ‘ಕಾಟ್’ ಅನ್ನುವ ಬದಲು ‘ಕ್ಯಾಚ್ಡ್’ ಅನ್ನುವುದು. ಇನ್ನೊಂದು, ರೂಪ ಗೊತ್ತಿದ್ದೂ ಎಲ್ಲಿ ಹಾಕಬೇಕು ಅನ್ನುವುದು ಗೊತ್ತಿಲ್ಲದಿರುವುದು. ನನ್ನ ಅನುಭವದಲ್ಲಿ ದೊಡ್ಡವರ ತಪ್ಪುಗಳಲ್ಲಿ ಜಾಸ್ತಿ ಪಾಲು ಈ ಎರಡನೆಯದು. ಪಟ್ಟಿ ಎಷ್ಟು ಉರು ಹೊಡೆದರೂ ಅದು ಸರಿಹೋಗಲ್ಲ. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ ಹಿಡಿಯೋಣ.

ಇಲ್ಲಿ ಇಂಗ್ಲಿಷ್ ಪದಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಈ ಕ್ರಿಯಾಪದಗಳು ಬದಲಾಗುವುದು ಮುಖ್ಯವಾಗಿ ಸ್ವರದಲ್ಲಿ. ಕಣ್ಣಿಗಿಂತ ಮೊದಲು ಕಿವಿಗೆ, ಬಾಯಿಗೆ ರೂಢಿಯಾಗಬೇಕು. ಸ್ಪೆಲ್ಲಿಂಗನ್ನು ಡಿಕ್ಷನರಿ ನೋಡಿ ನೋಟ್‌ಬುಕ್ಕಿನಲ್ಲಿ ನೀವೇ ಬರೆದುಕೊಳ್ಳಿ, ಆಗ ಇನ್ನೂ ಚೆನ್ನಾಗಿ ಕೂರುತ್ತದೆ.

ಏನೇನು ಬೇಕು?

ಒಂದು ಉದ್ದ ನೋಟ್‌ಬುಕ್. ಪೆನ್ನು. ಫೋನಿನಲ್ಲಿ ಆಕ್ಸ್‌ಫರ್ಡ್ ಅಥವಾ ಕೇಂಬ್ರಿಜ್‌ನ ಆನ್‌ಲೈನ್ ಡಿಕ್ಷನರಿ. ಎರಡೂ ಪುಕ್ಕಟೆ ಸಿಗುತ್ತವೆ. ಕ್ರಿಯಾಪದ ಹುಡುಕಿದರೆ ಅದರ ಭೂತಕಾಲದ ರೂಪವನ್ನೂ ತೋರಿಸುತ್ತವೆ, ಸ್ಪೀಕರ್ ಗುರುತು ಒತ್ತಿದರೆ ಉಚ್ಚಾರಣೆ ಕೇಳಿಸುತ್ತದೆ. ಆ ಗುರುತನ್ನು ಧಾರಾಳವಾಗಿ ಒತ್ತಿ. ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ದಿನಾ ಬೇಕು.

ಹಂತ 1: ಮೂರು ರೂಪ ಯಾವುವು ಅಂತ ತಿಳಿದುಕೊಳ್ಳಿ

ನಮ್ಮ ಮೇಷ್ಟ್ರುಗಳು ಬೋರ್ಡಿನ ಮೇಲೆ ವಿ1, ವಿ2, ವಿ3 ಅಂತ ಬರೆಯುತ್ತಿದ್ದರಲ್ಲ, ಅದೇ. ವಿ1 ಅಂದರೆ ಮೂಲ ರೂಪ: ‘ಈಟ್’. ವಿ2 ಅಂದರೆ ನೇರ ಭೂತಕಾಲ: ‘ಏಟ್’, ತಿಂದೆ. ವಿ3 ಅಂದರೆ ಪಾಸ್ಟ್ ಪಾರ್ಟಿಸಿಪಲ್: ‘ಈಟನ್’. ಈ ಮೂರನೆಯದು ಒಂಟಿಯಾಗಿ ನಿಲ್ಲುವುದಿಲ್ಲ. ಪಕ್ಕದಲ್ಲಿ ‘ಹ್ಯಾವ್’, ‘ಹ್ಯಾಸ್’, ‘ಹ್ಯಾಡ್’ ಇರಬೇಕು, ಇಲ್ಲವೇ ‘ಈಸ್’, ‘ವಾಸ್’ ಥರದ್ದು ಇರಬೇಕು. ವಿ2 ಹಾಗಲ್ಲ. ಅದಕ್ಕೆ ಯಾರ ಆಸರೆಯೂ ಬೇಡ.

ಈ ಒಂದು ವ್ಯತ್ಯಾಸ ಗಟ್ಟಿಯಾದರೆ ಅರ್ಧ ಕೆಲಸ ಆದಂತೆ. “ಐ ಈಟನ್” ತಪ್ಪು, ಯಾಕೆಂದರೆ ವಿ3 ಒಂಟಿಯಾಗಿದೆ. “ಐ ಹ್ಯಾವ್ ಏಟ್” ಕೂಡ ತಪ್ಪು, ಯಾಕೆಂದರೆ ಒಂಟಿಯಾಗಿರಬೇಕಾದ ವಿ2 ‘ಹ್ಯಾವ್’ ಪಕ್ಕ ಕೂತಿದೆ.

ಹಂತ 2: ನಿಯಮಿತ ಕ್ರಿಯಾಪದಗಳನ್ನು ಬೇಗ ಮುಗಿಸಿ

ಇಂಗ್ಲಿಷ್‌ನ ಸಾವಿರಾರು ಕ್ರಿಯಾಪದಗಳಿಗೆ ಕೊನೆಯಲ್ಲಿ ಇ, ಡಿ ಎರಡಕ್ಷರ ಸೇರಿಸಿದರೆ ಭೂತಕಾಲ ಆಗಿಹೋಯಿತು. ವಿ2, ವಿ3 ಎರಡೂ ಒಂದೇ. ಹೊಸದಾಗಿ ಹುಟ್ಟುವ ಕ್ರಿಯಾಪದಗಳೂ ಬಹುಮಟ್ಟಿಗೆ ಇದೇ ದಾರಿ ಹಿಡಿಯುತ್ತವೆ: ‘ಗೂಗಲ್ಡ್’, ‘ಟೆಕ್ಸ್ಟೆಡ್’.

ಇಲ್ಲಿ ಎಚ್ಚರಿಕೆ ಬೇಕಿರುವುದು ಉಚ್ಚಾರಣೆಯಲ್ಲಿ ಮಾತ್ರ. ಆ ಎರಡಕ್ಷರಕ್ಕೆ ಮೂರು ಸದ್ದುಗಳಿವೆ. ‘ವಾಕ್’, ‘ಹೆಲ್ಪ್’, ‘ವಾಶ್’ ಆದ ಮೇಲೆ ‘ಟ್’ ಎಂದು ಕೇಳಿಸುತ್ತದೆ: ವಾಕ್ಟ್, ಹೆಲ್ಪ್ಟ್, ವಾಶ್ಟ್. ‘ಪ್ಲೇ’, ‘ಕಾಲ್’, ‘ಕ್ಲೀನ್’ ಆದ ಮೇಲೆ ‘ಡ್’. ಮೂಲ ಪದವೇ ‘ಟ್’ ಅಥವಾ ‘ಡ್’ ಸದ್ದಿನಲ್ಲಿ ಮುಗಿದರೆ ಮಾತ್ರ ‘ಇಡ್’: ವಾಂಟಿಡ್, ನೀಡಿಡ್. ನಾವು ಎಲ್ಲದಕ್ಕೂ ‘ಎಡ್’ ಹಾಕಿ ‘ವಾಕೆಡ್’, ‘ವಾಶೆಡ್’ ಅಂದುಬಿಡುತ್ತೇವೆ. ಅದನ್ನು ಬಿಡಿ.

ಹಂತ 3: ಯಾವ ಗುಂಪಿಗೂ ಸೇರದ ನಾಲ್ಕನ್ನು ಮೊದಲು ಕಲಿಯಿರಿ

ಹೀಗೆ ಬರೀ ‘ಇಡಿ’ ಸೇರಿಸಿದರೆ ಭೂತಕಾಲ ಆಗದವು ಅನಿಯಮಿತ ಕ್ರಿಯಾಪದಗಳು. ಅವುಗಳ ಸಾಮಾನ್ಯ ಪಟ್ಟಿಗಳಲ್ಲಿ ಸುಮಾರು 200 ಪದಗಳಿರುತ್ತವೆ. ಹೆದರಬೇಡಿ, ದಿನಬಳಕೆಗೆ ಅದರಲ್ಲಿ ಅರ್ಧವೂ ಬೇಕಾಗುವುದಿಲ್ಲ. ಆದರೆ ಬೇಕಾದವು ತುಂಬಾನೇ ಬೇಕಾಗುತ್ತವೆ. ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಬಳಕೆಯಾಗುವ ಹತ್ತು ಕ್ರಿಯಾಪದಗಳನ್ನು ತೆಗೆದುಕೊಂಡರೆ ಹತ್ತೂ ಅನಿಯಮಿತ. ಇದು ಕಾಕತಾಳೀಯವಲ್ಲ. ದಿನಾ ನಾಲಿಗೆ ಮೇಲೆ ಓಡಾಡುವ ಪದಗಳ ಹಳೆಯ ರೂಪಗಳನ್ನು ಜನ ಮರೆಯುವುದಿಲ್ಲ, ಅವು ಉಳಿದುಕೊಳ್ಳುತ್ತವೆ. ಬಳಕೆ ಕಡಿಮೆಯಾದ ಪದಗಳ ರೂಪ ಮರೆತು ಜನ ಸುಮ್ನೆ ‘ಇಡಿ’ ಸೇರಿಸಿಬಿಡುತ್ತಾರೆ. ‘ಹೆಲ್ಪ್’ಗೆ ಒಂದು ಕಾಲದಲ್ಲಿ ‘ಹೋಲ್ಪ್’ ಅನ್ನುವ ಭೂತಕಾಲವಿತ್ತು. ಈಗ ‘ಹೆಲ್ಪ್ಟ್’.

ಗುಂಪಿಗೆ ಸೇರದವು ಇವು:

ಬೀ: ವಾಸ್ ಅಥವಾ ವರ್, ಬೀನ್. ‘ಐ’, ‘ಹೀ’, ‘ಶೀ’, ‘ಇಟ್’ಗೆ ವಾಸ್. ‘ವೀ’, ‘ಯೂ’, ‘ದೇ’ಗೆ ವರ್. ಎದುರಿಗಿರುವವರು ಒಬ್ಬರೇ ಆದರೂ ‘ಯೂ ವರ್’ ಎಂದೇ ಹೇಳಬೇಕು.
ಹ್ಯಾವ್: ಹ್ಯಾಡ್, ಹ್ಯಾಡ್.
ಡೂ: ಡಿಡ್, ಡನ್.
ಗೋ: ವೆಂಟ್, ಗಾನ್.

‘ವೆಂಟ್’ ಎಲ್ಲಿಂದ ಬಂತು ಅಂತ ಬಹಳ ಜನಕ್ಕೆ ಕುತೂಹಲ. ಅದು ‘ಗೋ’ದಿಂದ ಹುಟ್ಟಿದ್ದೇ ಅಲ್ಲ. ‘ವೆಂಡ್’ ಅನ್ನುವ ಬೇರೊಂದು ಕ್ರಿಯಾಪದವಿತ್ತು, ಅದಕ್ಕೂ ಹೋಗು ಎಂಬ ಅರ್ಥವಿತ್ತು. ‘ಸೆಂಡ್’ಗೆ ‘ಸೆಂಟ್’ ಇದ್ದ ಹಾಗೆ ‘ವೆಂಡ್’ಗೆ ‘ವೆಂಟ್’. ಕಾಲಕ್ರಮದಲ್ಲಿ ‘ಗೋ’ ತನ್ನ ಹಳೆಯ ಭೂತಕಾಲವನ್ನು ಬಿಟ್ಟು ಇದನ್ನು ತನ್ನದಾಗಿ ಮಾಡಿಕೊಂಡಿತು.

ಹಂತ 4: ಉಳಿದವನ್ನು ಸದ್ದಿನ ಪ್ರಕಾರ ಗುಂಪು ಮಾಡಿ

ಪುಸ್ತಕದ ಹಿಂದಿನ ಪಟ್ಟಿಗಳು ಎ ಇಂದ ಝಡ್‌ವರೆಗೆ ಇರುತ್ತವೆ. ಹುಡುಕೋದಕ್ಕೆ ಅದು ಸರಿ, ಕಲಿಯೋದಕ್ಕೆ ಅಲ್ಲ. ‘ಬಿಗಿನ್’ ಪಕ್ಕ ‘ಬೆಂಡ್’, ಅದರ ಪಕ್ಕ ‘ಬೈಟ್’ ಇದ್ದರೆ ಒಂದಕ್ಕೊಂದು ಸಂಬಂಧವೇ ಇಲ್ಲ.

ನಿಜ ಹೇಳಬೇಕೆಂದರೆ ಈ ಪದಗಳಲ್ಲೂ ಒಂದು ಲಯವಿದೆ. ನಮ್ಮ ಭಾಷೆಯನ್ನೇ ನೋಡಿ. ಮಾಡು, ಮಾಡಿದ. ನೋಡು, ನೋಡಿದ. ಹಾಡು, ಹಾಡಿದ. ಆದರೆ ಕೊಡು ಅಂದರೆ ಕೊಡಿದ ಅಲ್ಲ, ಕೊಟ್ಟ. ಬಿಡು, ಬಿಟ್ಟ. ಇಡು, ಇಟ್ಟ. ಸುಡು, ಸುಟ್ಟ. ಮೊದಲ ಅಕ್ಷರ ದೀರ್ಘವಾಗಿದ್ದರೆ ‘ಡಿದ’, ಹ್ರಸ್ವವಾಗಿದ್ದರೆ ‘ಟ್ಟ’. ಇದನ್ನು ಯಾರೂ ನಮಗೆ ಹೇಳಿಕೊಟ್ಟಿಲ್ಲ, ಕಿವಿಯೇ ಹಿಡಿದುಕೊಂಡಿದೆ. ಇಂಗ್ಲಿಷ್ ಗುಂಪುಗಳೂ ಹೀಗೆಯೇ ಕಿವಿಗೆ ಬೀಳಬೇಕು. ಒಂದೊಂದು ಗುಂಪನ್ನು ಜೋರಾಗಿ, ತಾಳಕ್ಕೆ ಹೇಳಿದಂತೆ ಹೇಳಿ. ಈ ಗುಂಪುಗಳಲ್ಲಿ ಎರಡೇ ರೂಪ ಕೊಟ್ಟಿದ್ದರೆ ವಿ3 ಕೂಡ ವಿ2 ಥರವೇ ಅಂತ ತಿಳಿಯಿರಿ.

*ಬದಲಾಗದೇ ಇರುವವು.* ಕಟ್, ಪುಟ್, ಹಿಟ್, ಲೆಟ್, ಸೆಟ್, ಶಟ್, ಕಾಸ್ಟ್, ಹರ್ಟ್, ಬರ್ಸ್ಟ್, ಸ್ಪ್ರೆಡ್, ಕ್ವಿಟ್. ಮೂರೂ ರೂಪ ಒಂದೇ. ಎಲ್ಲವೂ ‘ಟ್’ ಅಥವಾ ‘ಡ್’ ಸದ್ದಿನಲ್ಲೇ ಮುಗಿಯುತ್ತವೆ, ಗಮನಿಸಿ. ಇವು ಸುಲಭ ಅನ್ನಿಸುತ್ತವೆ, ಆದರೆ ‘ಕಾಸ್ಟೆಡ್’, ‘ಹರ್ಟೆಡ್’, ‘ಪುಟ್ಟೆಡ್’ ಅನ್ನುವ ತಪ್ಪುಗಳು ಇಲ್ಲೇ ನುಸುಳುತ್ತವೆ. “ಇಟ್ ಕಾಸ್ಟ್ ಮೀ ಫೈವ್ ಹಂಡ್ರೆಡ್ ರುಪೀಸ್” ಅಂದರೆ ಸಾಕು. ವೋಟು ಹಾಕಿ ಬಂದು “ಐ ಕ್ಯಾಸ್ಟೆಡ್ ಮೈ ವೋಟ್” ಅನ್ನುವವರು ಬಹಳ. ಅದು “ಐ ಕ್ಯಾಸ್ಟ್ ಮೈ ವೋಟ್”. ‘ರೀಡ್’ ಈ ಗುಂಪಿನ ವಿಶೇಷ ಸದಸ್ಯ: ಮೂರಕ್ಕೂ ಸ್ಪೆಲ್ಲಿಂಗ್ ಒಂದೇ, ಆದರೆ ವಿ2, ವಿ3 ಓದುವಾಗ ‘ರೆಡ್’.

*‘ಡ್’ ಹೋಗಿ ‘ಟ್’ ಬರುವವು.* ಸೆಂಡ್, ಸೆಂಟ್. ಸ್ಪೆಂಡ್, ಸ್ಪೆಂಟ್. ಲೆಂಡ್, ಲೆಂಟ್. ಬೆಂಡ್, ಬೆಂಟ್. ಬಿಲ್ಡ್, ಬಿಲ್ಟ್. ಆಫೀಸಿನಲ್ಲಿ ಕೆಲಸ ಮಾಡುವವರು ಈ ಗುಂಪನ್ನು ಮೊದಲು ಕಲಿಯಬೇಕು. “ಐ ಹ್ಯಾವ್ ಸೆಂಡ್ ದ ಫೈಲ್” ಅಂತ ಬರೆದ ಮೇಲ್‌ಗಳು ದಿನಾ ಎಷ್ಟೋ ಹೋಗುತ್ತಿರುತ್ತವೆ. ಮಾತಿನಲ್ಲಿ ‘ಸೆಂಡ್’, ‘ಸೆಂಟ್’ ನಡುವಿನ ವ್ಯತ್ಯಾಸ ಅಷ್ಟಾಗಿ ಕೇಳಿಸುವುದಿಲ್ಲ, ಬರಹದಲ್ಲಿ ಎದ್ದು ಕಾಣುತ್ತದೆ. “ಐ ಹ್ಯಾವ್ ಸೆಂಟ್ ದ ಫೈಲ್” ಅಂತ ಕೈಗೆ ರೂಢಿ ಮಾಡಿಸಿ.

*‘ಈ’ ಹೋಗಿ ‘ಎ’ ಬರುವವು.* ಕೀಪ್, ಕೆಪ್ಟ್. ಸ್ಲೀಪ್, ಸ್ಲೆಪ್ಟ್. ಸ್ವೀಪ್, ಸ್ವೆಪ್ಟ್. ಫೀಲ್, ಫೆಲ್ಟ್. ಲೀವ್, ಲೆಫ್ಟ್. ಮೀನ್, ಮೆಂಟ್. ಡೀಲ್, ಡೆಲ್ಟ್. ಮೀಟ್, ಮೆಟ್. ಫೀಡ್, ಫೆಡ್. ಲೀಡ್, ಲೆಡ್. ದೀರ್ಘ ಸ್ವರ ಹ್ರಸ್ವವಾಗುತ್ತದೆ ಅಷ್ಟೇ. ‘ಲೆಡ್’ ಬರೆಯುವಾಗ ಮೂರೇ ಅಕ್ಷರ: ಎಲ್, ಇ, ಡಿ. ನಡುವೆ ಎ ಸೇರಿಸಿದರೆ ಅದು ಮೂಲ ಪದವೇ ಆಗಿ ಉಳಿಯುತ್ತದೆ.

*‘ಆಟ್’ ಗುಂಪು.* ಬೈ, ಬಾಟ್. ಬ್ರಿಂಗ್, ಬ್ರಾಟ್. ಥಿಂಕ್, ಥಾಟ್. ಫೈಟ್, ಫಾಟ್. ಕ್ಯಾಚ್, ಕಾಟ್. ಟೀಚ್, ಟಾಟ್. ಮೂಲ ರೂಪಗಳಲ್ಲಿ ಒಂದಕ್ಕೊಂದು ಹೋಲಿಕೆಯೇ ಇಲ್ಲ, ಭೂತಕಾಲದಲ್ಲಿ ಎಲ್ಲ ಒಂದೇ ಮನೆಯವರು. ಬರೆಯುವಾಗ ಜಿ, ಎಚ್ ಇರುತ್ತವೆ, ಬಾಯಲ್ಲಿ ಇಲ್ಲ. ಇಲ್ಲಿ ಜಾಸ್ತಿ ಗೊಂದಲ ‘ಬಾಟ್’ ಮತ್ತು ‘ಬ್ರಾಟ್’ ನಡುವೆ. ಒಂದು ಉಪಾಯ: ‘ಬ್ರಿಂಗ್’ನಲ್ಲಿ ಆರ್ ಇದೆ, ‘ಬ್ರಾಟ್’ನಲ್ಲೂ ಇದೆ. ‘ಬೈ’ನಲ್ಲಿ ಇಲ್ಲ, ‘ಬಾಟ್’ನಲ್ಲೂ ಇಲ್ಲ. ಅಂಗಡಿಯಲ್ಲಿ ಹಾಲು ಕೊಂಡಿರಿ, ಅದು ‘ಬಾಟ್’. ಮನೆಗೆ ತಂದಿರಿ, ಅದು ‘ಬ್ರಾಟ್’.

*ಇ, ಆ್ಯ, ಅ.* ಸಿಂಗ್, ಸ್ಯಾಂಗ್, ಸಂಗ್. ರಿಂಗ್, ರ‍್ಯಾಂಗ್, ರಂಗ್. ಡ್ರಿಂಕ್, ಡ್ರ್ಯಾಂಕ್, ಡ್ರಂಕ್. ಸ್ವಿಮ್, ಸ್ವ್ಯಾಮ್, ಸ್ವಮ್. ಬಿಗಿನ್, ಬಿಗ್ಯಾನ್, ಬಿಗನ್. ನನಗೆ ತುಂಬ ಇಷ್ಟವಾದ ಗುಂಪು ಇದು. ಪದದ ಎರಡು ತುದಿ ಹಾಗೇ ಇರುತ್ತವೆ, ನಡುವಿನ ಸ್ವರ ಮಾತ್ರ ಇಳಿಯುತ್ತಾ ಬರುತ್ತದೆ. ಬಹಳ ಹಳೆಯ ಕ್ರಮ ಇದು. ಇಂಗ್ಲಿಷ್‌ನ ದಾಯಾದಿ ಭಾಷೆಯಾದ ಜರ್ಮನ್‌ನಲ್ಲೂ ಹಾಡು ಅನ್ನುವ ಪದ ಸಿಂಗನ್, ಸಾಂಗ್, ಗೆಸುಂಗನ್ ಎಂದು ಹೀಗೇ ನಡೆಯುತ್ತದೆ. ಈ ಗುಂಪಿನಲ್ಲಿ ವಿ2, ವಿ3 ಬೇರೆ ಬೇರೆ ಆಗಿರುವುದರಿಂದ ಎಚ್ಚರ ಬೇಕು. “ಐ ಡ್ರಂಕ್ ಕಾಫಿ” ಅಲ್ಲ, “ಐ ಡ್ರ್ಯಾಂಕ್ ಕಾಫಿ”.

ಇದರ ಪಕ್ಕದ ಮನೆಯಲ್ಲಿ ಇನ್ನೊಂದು ಗುಂಪಿದೆ, ಅಲ್ಲಿ ನಡುವಿನ ‘ಆ್ಯ’ ಇಲ್ಲ: ಡಿಗ್, ಡಗ್, ಡಗ್. ಸ್ಟಿಕ್, ಸ್ಟಕ್, ಸ್ಟಕ್. ಸ್ವಿಂಗ್, ಸ್ವಂಗ್, ಸ್ವಂಗ್. ವಿನ್, ವನ್, ವನ್. ಕೊನೆಯದನ್ನು ‘ವಾನ್’ ಅನ್ನಬೇಡಿ. ಒಂದು ಎಂಬ ಅರ್ಥದ ‘ವನ್’ ಹೇಗೋ ಇದೂ ಹಾಗೇ.

*‘ಓ’ ಬಂದು, ಕೊನೆಗೆ ‘ನ್’ ಸೇರುವವು.* ಸ್ಪೀಕ್, ಸ್ಪೋಕ್, ಸ್ಪೋಕನ್. ಬ್ರೇಕ್, ಬ್ರೋಕ್, ಬ್ರೋಕನ್. ಸ್ಟೀಲ್, ಸ್ಟೋಲ್, ಸ್ಟೋಲನ್. ಚೂಸ್, ಚೋಸ್, ಚೋಸನ್. ರೈಟ್, ರೋಟ್, ರಿಟನ್. ಡ್ರೈವ್, ಡ್ರೋವ್, ಡ್ರಿವನ್. ವೇರ್, ವೋರ್, ವೋರ್ನ್. ಟೇರ್, ಟೋರ್, ಟೋರ್ನ್.

*‘ಊ’ ಬಂದು, ಕೊನೆಗೆ ‘ನ್’ ಸೇರುವವು.* ನೋ, ನ್ಯೂ, ನೋನ್. ಗ್ರೋ, ಗ್ರೂ, ಗ್ರೋನ್. ಥ್ರೋ, ಥ್ರೂ, ಥ್ರೋನ್. ಬ್ಲೋ, ಬ್ಲೂ, ಬ್ಲೋನ್. ಫ್ಲೈ, ಫ್ಲೂ, ಫ್ಲೋನ್. ಡ್ರಾ, ಡ್ರೂ, ಡ್ರಾನ್.

*‘ಔಂಡ್’ ಆಗುವವು.* ಫೈಂಡ್, ಫೌಂಡ್. ಬೈಂಡ್, ಬೌಂಡ್. ಗ್ರೈಂಡ್, ಗ್ರೌಂಡ್. ಇಡ್ಲಿ ಹಿಟ್ಟು ರುಬ್ಬಿದ್ದನ್ನು ಇಂಗ್ಲಿಷ್‌ನಲ್ಲಿ ಹೇಳುವಾಗ ಬಹುತೇಕ ಎಲ್ಲರೂ ‘ಗ್ರೈಂಡೆಡ್’ ಅನ್ನುತ್ತಾರೆ. “ಐ ಗ್ರೌಂಡ್ ದ ಬ್ಯಾಟರ್” ಸರಿ. ಕೇಳೋಕೆ ಮೈದಾನದ ನೆನಪಾದರೂ ಅದೇ ಸರಿ.

ಚಿಕ್ಕ ಜೊತೆಗಳು ಇನ್ನೊಂದಷ್ಟು: ಟೆಲ್, ಟೋಲ್ಡ್ ಮತ್ತು ಸೆಲ್, ಸೋಲ್ಡ್. ಟೇಕ್, ಟುಕ್, ಟೇಕನ್ ಮತ್ತು ಶೇಕ್, ಶುಕ್, ಶೇಕನ್. ಗೆಟ್, ಗಾಟ್ ಮತ್ತು ಫರ್ಗೆಟ್, ಫರ್ಗಾಟ್, ಫರ್ಗಾಟನ್. ಕಮ್, ಕೇಮ್, ಕಮ್ ಮತ್ತು ರನ್, ರ‍್ಯಾನ್, ರನ್. ಈ ಕೊನೆಯ ಎರಡರಲ್ಲಿ ವಿ3 ಮತ್ತೆ ವಿ1ಕ್ಕೇ ಮರಳುತ್ತದೆ. ಕ್ರಿಕೆಟ್ ನೋಡುವವರಿಗೆ ಇದು ಗೊತ್ತೇ ಇದೆ: “ಹೀ ವಾಸ್ ರನ್ ಔಟ್” ಅನ್ನುತ್ತಾರೆ, ‘ರ‍್ಯಾನ್ ಔಟ್’ ಅನ್ನುವುದಿಲ್ಲ. ಸ್ಕೋರ್‌ಕಾರ್ಡಿನ ‘ಕಾಟ್’, ‘ರನ್ ಔಟ್’ ಎಲ್ಲ ವಿ3 ರೂಪಗಳೇ.

ಒಂಟಿಯಾಗಿ ಕಲಿಯಬೇಕಾದವು ಕೆಲವು: ಸೀ, ಸಾ, ಸೀನ್. ಗಿವ್, ಗೇವ್, ಗಿವನ್. ಫಾಲ್, ಫೆಲ್, ಫಾಲನ್. ಮೇಕ್, ಮೇಡ್. ಲೂಸ್ ಅಂದರೆ ಕಳೆದುಕೊಳ್ಳು, ಅದಕ್ಕೆ ಲಾಸ್ಟ್. ಸ್ಟ್ಯಾಂಡ್, ಸ್ಟುಡ್. ಹಿಯರ್‌ಗೆ ‘ಹಿಯರ್ಡ್’ ಅಲ್ಲ, ‘ಹರ್ಡ್’. ಸೇಗೆ ‘ಸೇಯ್ಡ್’ ಅಲ್ಲ, ‘ಸೆಡ್’. ಪೇಗೆ ಮಾತ್ರ ‘ಪೇಯ್ಡ್’. ಅದನ್ನು ಪಿ, ಎ, ಐ, ಡಿ ಅಂತ ಬರೆಯಬೇಕು, ನಡುವೆ ವೈ ಬರಬಾರದು.

‘ಬರ್ನ್ಟ್’ ಸರಿಯೋ ‘ಬರ್ನ್ಡ್’ ಸರಿಯೋ, ‘ಲರ್ನ್ಟ್’ ಸರಿಯೋ ‘ಲರ್ನ್ಡ್’ ಸರಿಯೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಎರಡೂ ಸರಿ. ಬ್ರಿಟನ್‌ನಲ್ಲಿ ಎರಡೂ ನಡೆಯುತ್ತವೆ, ಅಮೆರಿಕದಲ್ಲಿ ಎರಡನೆಯದು ಜಾಸ್ತಿ. ‘ಗೆಟ್’ಗೆ ವಿ3 ಆಗಿ ಅಮೆರಿಕದವರು ‘ಗಾಟನ್’ ಅನ್ನುತ್ತಾರೆ. ನಮ್ಮ ಶಾಲೆಗಳಲ್ಲಿ ಕಲಿಸುವುದು ಬ್ರಿಟಿಷ್ ಪದ್ಧತಿ, ಅದರಲ್ಲಿ ‘ಗಾಟ್’. ಪರೀಕ್ಷೆಯಲ್ಲಿ ಒಂದೇ ಪದ್ಧತಿ ಇಟ್ಟುಕೊಳ್ಳಿ.

ಹಂತ 5: ‘ಡಿಡ್’ ಬಂದರೆ ಮೂಲ ರೂಪಕ್ಕೆ ಮರಳಿ

ಇದನ್ನು ಎರಡು ಸಲ ಓದಿ. ನಿಮ್ಮ ತಪ್ಪುಗಳಲ್ಲಿ ಜಾಸ್ತಿ ಕಡಿಮೆಯಾಗುವುದು ಈ ಹಂತದಿಂದಲೇ.

ಭೂತಕಾಲದಲ್ಲಿ ‘ಇಲ್ಲ’ ಅನ್ನುವಾಗ, ಪ್ರಶ್ನೆ ಕೇಳುವಾಗ ಇಂಗ್ಲಿಷ್ ‘ಡಿಡ್’ ತರುತ್ತದೆ. ‘ಡಿಡ್’ ಸ್ವತಃ ಭೂತಕಾಲ. ಒಂದು ವಾಕ್ಯಕ್ಕೆ ಒಂದು ಭೂತಕಾಲ ಸಾಕು, ಆದ್ದರಿಂದ ಮುಖ್ಯ ಕ್ರಿಯಾಪದ ವಿ1ಕ್ಕೆ ಮರಳುತ್ತದೆ.

ಕನ್ನಡ ಇಲ್ಲಿ ನಮಗೆ ಸಹಾಯ ಮಾಡುತ್ತದೆ. ‘ಹೋದೆ’ ಅನ್ನುತ್ತೇವೆ. ಆದರೆ ಇಲ್ಲ ಅನ್ನುವಾಗ ‘ಹೋದಲಿಲ್ಲ’ ಅನ್ನುತ್ತೇವಾ? ಇಲ್ಲ, ‘ಹೋಗಲಿಲ್ಲ’ ಅನ್ನುತ್ತೇವೆ. ‘ಹೋಗು’ ಅನ್ನುವ ಮೂಲ ರೂಪವೇ ವಾಪಸ್ ಬರುತ್ತದೆ. ತಿಂದೆ, ತಿನ್ನಲಿಲ್ಲ. ಬಂದೆ, ಬರಲಿಲ್ಲ. ಕೊಟ್ಟೆ, ಕೊಡಲಿಲ್ಲ. “ಐ ಡಿಡ್ ನಾಟ್ ಗೋ” ಅನ್ನುವುದು ‘ಹೋಗಲಿಲ್ಲ’ದ ಹಾಗೇ ಇದೆ. “ಐ ಡಿಡ್ ನಾಟ್ ವೆಂಟ್” ಅಂದರೆ ‘ಹೋದಲಿಲ್ಲ’ ಅಂದ ಹಾಗೆ ಕೇಳಿಸುತ್ತದೆ ಇಂಗ್ಲಿಷ್ ಬಲ್ಲವರ ಕಿವಿಗೆ.

ಪ್ರಶ್ನೆಯಲ್ಲಿ ಮಾತ್ರ ಕನ್ನಡ ಕೈ ಕೊಡುತ್ತದೆ. ‘ಹೋದ್ಯಾ?’, ‘ನೋಡಿದ್ರಾ?’ ಅಂತ ಭೂತಕಾಲವನ್ನೇ ಇಟ್ಟುಕೊಂಡು ಕೇಳುತ್ತೇವೆ. ಅದೇ ಅಭ್ಯಾಸದಲ್ಲಿ “ಡಿಡ್ ಯೂ ವೆಂಟ್?”, “ಡಿಡ್ ಯೂ ಸಾ?” ಬರುತ್ತದೆ. “ಡಿಡ್ ಯೂ ಗೋ?”, “ಡಿಡ್ ಯೂ ಸೀ?” ಅನ್ನಬೇಕು. ಹಾಗಾಗಿ ಪ್ರಶ್ನೆ ವಾಕ್ಯಗಳನ್ನು ಜಾಸ್ತಿ ಅಭ್ಯಾಸ ಮಾಡಿ.

ಒಂದು ಅಪವಾದವಿದೆ. ಕೆಲಸ ಮಾಡಿದವರು ಯಾರು ಎಂದು ‘ಹೂ’ ಹಾಕಿ ಕೇಳುವಾಗ ಸಾಮಾನ್ಯವಾಗಿ ‘ಡಿಡ್’ ಬರುವುದಿಲ್ಲ, ವಿ2 ಉಳಿಯುತ್ತದೆ: “ಹೂ ಬ್ರೋಕ್ ದ ಗ್ಲಾಸ್?”

‘ಡಿಡ್’ ಥರವೇ ಮೂಲ ರೂಪವನ್ನು ಬೇಡುವವು ಇನ್ನೂ ಇವೆ: ಕ್ಯಾನ್, ಕುಡ್, ವಿಲ್, ವುಡ್, ಶುಡ್, ಮಸ್ಟ್, ಮತ್ತು ಕ್ರಿಯಾಪದದ ಮುಂದೆ ಬರುವ ‘ಟು’. “ಐ ಕುಡ್ ನಾಟ್ ಕೇಮ್”, “ಐ ವಾಂಟೆಡ್ ಟು ವೆಂಟ್” ಎರಡೂ ತಪ್ಪು. ‘ಕಮ್’, ‘ಗೋ’ ಬರಬೇಕು.

ಹಂತ 6: ‘ಹ್ಯಾವ್’, ‘ಹ್ಯಾಡ್’ ಎಲ್ಲಿ ಬೇಕು, ಎಲ್ಲಿ ಬೇಡ?

‘ಹ್ಯಾವ್’, ‘ಹ್ಯಾಸ್’, ‘ಹ್ಯಾಡ್’ ಪಕ್ಕ ಯಾವಾಗಲೂ ವಿ3. “ಐ ಹ್ಯಾವ್ ವೆಂಟ್” ಅಲ್ಲ, “ಐ ಹ್ಯಾವ್ ಗಾನ್”. “ಶೀ ಹ್ಯಾಸ್ ರೋಟ್” ಅಲ್ಲ, “ಶೀ ಹ್ಯಾಸ್ ರಿಟನ್”. ಯಾರೋ ಮಾಡಿದ್ದು ನಮಗೆ ಆಯಿತು ಅನ್ನುವ ವಾಕ್ಯಗಳಲ್ಲಿ, ಅಂದರೆ ಪ್ಯಾಸಿವ್ ವಾಯ್ಸ್ ಅನ್ನುವ ಕರ್ಮಣಿ ಪ್ರಯೋಗದಲ್ಲಿ, ‘ವಾಸ್’ ಪಕ್ಕವೂ ವಿ3 ಬರುತ್ತದೆ: “ಮೈ ಫೋನ್ ವಾಸ್ ಸ್ಟೋಲನ್.”

ನಮಗೆ ನಿಜವಾದ ಕಷ್ಟ ಬೇರೆ ಇದೆ. ಕನ್ನಡದಲ್ಲಿ “ನಿನ್ನೆ ಮೈಸೂರಿಗೆ ಹೋಗಿದ್ದೆ” ಅನ್ನುವುದು ತೀರಾ ಸಹಜ. ಆ ‘ಇದ್ದೆ’ಯನ್ನು ಹಿಡಿದು ಇಂಗ್ಲಿಷ್‌ನಲ್ಲೂ “ಯೆಸ್ಟರ್ಡೇ ಐ ಹ್ಯಾಡ್ ಗಾನ್ ಟು ಮೈಸೂರು” ಅಂದುಬಿಡುತ್ತೇವೆ. ಇಂಗ್ಲಿಷ್‌ಗೆ ಅಲ್ಲಿ “ಐ ವೆಂಟ್ ಟು ಮೈಸೂರು ಯೆಸ್ಟರ್ಡೇ” ಸಾಕು. ‘ಹ್ಯಾಡ್’ ಬೇಕಾಗುವುದು ಆಗಿಹೋದ ಎರಡು ಘಟನೆಗಳಿದ್ದು, ಅದರಲ್ಲಿ ಯಾವುದು ಮೊದಲು ಆಯಿತು ಎಂದು ತೋರಿಸುವಾಗ: “ವೆನ್ ಐ ರೀಚ್ಟ್ ದ ಸ್ಟೇಷನ್, ದ ಟ್ರೈನ್ ಹ್ಯಾಡ್ ಲೆಫ್ಟ್.” ನಾನು ಹೋಗುವ ಮೊದಲೇ ರೈಲು ಹೊರಟಿತ್ತು.

“ನಿನ್ನೆ ಅವರನ್ನ ನೋಡಿದ್ದೀನಿ” ಅನ್ನುವುದರಿಂದ ಹುಟ್ಟುವ “ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ” ಕೂಡ ಹೀಗೇ. ‘ಯೆಸ್ಟರ್ಡೇ’, ‘ಲಾಸ್ಟ್ ವೀಕ್’, ‘ಟೂ ಡೇಸ್ ಅಗೋ’, ‘ಇನ್ 2019’ ಅಂತ ಮುಗಿದ ಸಮಯವನ್ನು ಹೇಳಿದಿರೋ, ‘ಹ್ಯಾವ್’ ಬಿಟ್ಟು ನೇರವಾಗಿ ವಿ2 ಹಾಕಿ: “ಐ ಸಾ ಹಿಮ್ ಯೆಸ್ಟರ್ಡೇ.” ಸಮಯ ಹೇಳದಿದ್ದರೆ “ಐ ಹ್ಯಾವ್ ಸೀನ್ ಹಿಮ್” ಸರಿ.

ಹಂತ 7: ಒಂದೇ ಥರ ಕಾಣುವ ಜೋಡಿಗಳನ್ನು ಬಿಡಿಸಿಕೊಳ್ಳಿ

‘ಫಾಲ್, ಫೆಲ್’ ಬೀಳುವುದು. ‘ಫೀಲ್, ಫೆಲ್ಟ್’ ಅನ್ನಿಸುವುದು. ಮೆಟ್ಟಿಲಲ್ಲಿ ಜಾರಿ ಬಿದ್ದು “ಐ ಫೆಲ್ಟ್ ಡೌನ್” ಅಂದರೆ ಕೇಳಿದವರು ಮನಸ್ಸಿಗೆ ಬೇಜಾರಾಗಿದೆ ಅಂದುಕೊಳ್ಳುತ್ತಾರೆ.

‘ಫೈಂಡ್, ಫೌಂಡ್’ ಸಿಕ್ಕುವುದು, ಹುಡುಕಿ ಪಡೆಯುವುದು. ‘ಫೌಂಡ್, ಫೌಂಡೆಡ್’ ಸ್ಥಾಪಿಸುವುದು. 1537ರಲ್ಲಿ ಕೆಂಪೇಗೌಡರು ಬೆಂಗಳೂರನ್ನು ‘ಫೌಂಡೆಡ್’.

‘ರೈಸ್, ರೋಸ್, ರಿಸನ್’ ತಾನಾಗಿ ಏರುವುದು. ‘ರೇಸ್, ರೇಸ್ಡ್’ ಇನ್ನೊಬ್ಬರು ಏರಿಸುವುದು. ಸೂರ್ಯ ‘ರೋಸ್’, ಮನೆ ಮಾಲೀಕರು ಬಾಡಿಗೆ ‘ರೇಸ್ಡ್’.

‘ಲೈ, ಲೇ, ಲೇನ್’ ಮಲಗುವುದು. ‘ಲೇ, ಲೇಯ್ಡ್, ಲೇಯ್ಡ್’ ಇಡುವುದು, ಮೊಟ್ಟೆ ಇಡುವುದೂ ಇದೇ. ಸುಳ್ಳು ಹೇಳುವ ‘ಲೈ’ ಮಾತ್ರ ನಿಯಮಿತ: ‘ಲೈಡ್’. ಈ ಮೂರರಲ್ಲಿ ಇಂಗ್ಲಿಷ್ ಮನೆಮಾತಿನವರೇ ಎಡವುತ್ತಾರೆ, ನೀವು ನಿಧಾನಕ್ಕೆ ಕಲಿತರೆ ಸಾಕು.

‘ಹ್ಯಾಂಗ್’ಗೆ ಸಾಮಾನ್ಯವಾಗಿ ‘ಹಂಗ್’. ಬಟ್ಟೆ ನೇತು ಹಾಕಿದರೆ, ಗೋಡೆಗೆ ಫೋಟೋ ಹಾಕಿದರೆ ಅದೇ. ಗಲ್ಲಿಗೇರಿಸಿದರು ಅನ್ನುವಾಗ ‘ಹ್ಯಾಂಗ್ಡ್’.

ಹಂತ 8: ದಿನಾ ಅಭ್ಯಾಸ ಮಾಡುವ ಕ್ರಮ

ನೋಟ್‌ಬುಕ್ಕಿನ ಪುಟವನ್ನು ಮೂರು ಕಾಲಮ್ ಮಾಡಿ. ದಿನಕ್ಕೆ ಐದೇ ಕ್ರಿಯಾಪದ, ಐದೂ ಒಂದೇ ಗುಂಪಿನವು. ಮೂರೂ ರೂಪ ಬರೆಯಿರಿ, ಜೋರಾಗಿ ಓದಿ. ಆಮೇಲೆ ಎರಡನೇ, ಮೂರನೇ ಕಾಲಮ್ ಕೈಯಿಂದ ಮುಚ್ಚಿ ಹೇಳಿ. ಮರುದಿನ ಹೊಸ ಐದಕ್ಕೆ ಹೋಗುವ ಮೊದಲು ಹಿಂದಿನ ದಿನದ್ದನ್ನು ಒಮ್ಮೆ, ವಾರದ ಕೊನೆಗೆ ಎಲ್ಲವನ್ನೂ ಒಮ್ಮೆ ಹೇಳಿ.

ಇಷ್ಟಕ್ಕೇ ನಿಲ್ಲಿಸಿದರೆ ಮತ್ತೆ ಪಟ್ಟಿಯೇ ಆಯಿತು. ಪ್ರತಿ ಕ್ರಿಯಾಪದಕ್ಕೂ ನಾಲ್ಕು ವಾಕ್ಯ ಮಾಡಿ. ‘ಬೈ’ ತೆಗೆದುಕೊಳ್ಳಿ:

“ಐ ಬಾಟ್ ವೆಜಿಟಬಲ್ಸ್.” ತರಕಾರಿ ಕೊಂಡೆ.
“ಐ ಡಿಡ್ ನಾಟ್ ಬೈ ವೆಜಿಟಬಲ್ಸ್.” ತರಕಾರಿ ಕೊಳ್ಳಲಿಲ್ಲ.
“ಡಿಡ್ ಯೂ ಬೈ ವೆಜಿಟಬಲ್ಸ್?” ತರಕಾರಿ ಕೊಂಡ್ಯಾ?
“ಐ ಹ್ಯಾವ್ ಬಾಟ್ ವೆಜಿಟಬಲ್ಸ್.” ತರಕಾರಿ ಕೊಂಡಿದ್ದೇನೆ.

ವಿ2, ವಿ1, ವಿ1, ವಿ3. ಈ ಕ್ರಮ ನಾಲಿಗೆಗೆ ಹತ್ತುವವರೆಗೆ ಬಿಡಬೇಡಿ. ವಾಕ್ಯಗಳು ನಿಮ್ಮ ದಿನದ್ದೇ ಆಗಿರಲಿ: ಬಸ್ ಹಿಡಿದದ್ದು, ಊಟ ಮಾಡಿದ್ದು, ಯಾರಿಗೋ ಫೋನ್ ಮಾಡಲು ಮರೆತದ್ದು. ಸಾಧ್ಯವಾದರೆ ರಾತ್ರಿ ಮಲಗುವ ಮೊದಲು ಅವತ್ತು ಏನೇನಾಯಿತು ಎಂದು ಐದು ಸಾಲು ಇಂಗ್ಲಿಷ್‌ನಲ್ಲಿ ಬರೆಯಿರಿ. ಡೈರಿ ಪೂರ್ತಿ ಭೂತಕಾಲದಲ್ಲೇ ಇರುತ್ತದಲ್ವಾ, ಅದಕ್ಕಿಂತ ಒಳ್ಳೆ ಅಭ್ಯಾಸ ಇಲ್ಲ.

ಮಕ್ಕಳಿಗೆ ಕಲಿಸುವವರಿಗೆ ಒಂದು ಮಾತು. ಮಗು ‘ಗೋಡ್’, ‘ಬ್ರಿಂಗ್ಡ್’ ಅಂದರೆ ಗದರಬೇಡಿ. ಇಂಗ್ಲಿಷ್ ಮನೆಮಾತಿನ ಮಕ್ಕಳೂ ಚಿಕ್ಕ ವಯಸ್ಸಿನಲ್ಲಿ ಹೀಗೇ ಅನ್ನುತ್ತಾರೆ. ನಿಯಮ ಅರ್ಥವಾಗಿದೆ, ಅಪವಾದ ಇನ್ನೂ ಗೊತ್ತಾಗಿಲ್ಲ ಅಂತ ಅದರ ಅರ್ಥ. “ಓ, ಯೂ ಬ್ರಾಟ್ ಇಟ್?” ಅಂತ ಸರಿ ರೂಪದಲ್ಲಿ ತಿರುಗಿ ಹೇಳಿ, ಸಾಕು.

ಹಂತ 9: ಉದ್ದದ ಪದ ಬಂದರೆ ಒಳಗಿನ ಪದ ಹುಡುಕಿ

‘ಅಂಡರ್‌ಸ್ಟ್ಯಾಂಡ್’ ಒಳಗೆ ‘ಸ್ಟ್ಯಾಂಡ್’ ಇದೆ, ಆದ್ದರಿಂದ ‘ಅಂಡರ್‌ಸ್ಟುಡ್’. ‘ಬಿಕಮ್’ ಒಳಗೆ ‘ಕಮ್’, ಆದ್ದರಿಂದ ‘ಬಿಕೇಮ್’. ‘ಮಿಸ್ಟೇಕ್’ ಕ್ರಿಯಾಪದವಾದಾಗ ‘ಮಿಸ್ಟುಕ್’. ಆಪರೇಷನ್ ಮಾಡಿಸಿಕೊಂಡವರು ‘ಅಂಡರ್‌ವೆಂಟ್’ ಸರ್ಜರಿ. ಎಟಿಎಂನಿಂದ ದುಡ್ಡು ತೆಗೆದರೆ ‘ವಿತ್‌ಡ್ರಾಡ್’ ಅಲ್ಲ, ‘ವಿತ್‌ಡ್ರೂ’, ಯಾಕೆಂದರೆ ಒಳಗಿರುವುದು ‘ಡ್ರಾ’. ಹೊಸ ಪದ ಕಲಿಯುವ ಕಷ್ಟವೇ ಇಲ್ಲ, ಗೊತ್ತಿರುವ ಭೂತಕಾಲವನ್ನೇ ಎತ್ತಿ ಇಡುವುದು.

ಈ ಸೂತ್ರಕ್ಕೆ ಬಗ್ಗದ ಒಂದು ಪದ ನೆನಪಿಟ್ಟುಕೊಳ್ಳಿ: ‘ವೆಲ್ಕಮ್’. ಅದಕ್ಕೆ ‘ವೆಲ್ಕೇಮ್’ ಇಲ್ಲ, “ದೇ ವೆಲ್ಕಮ್ಡ್ ಅಸ್” ಅನ್ನಬೇಕು. ‘ಬ್ರಾಡ್‌ಕಾಸ್ಟ್’ಗೆ ‘ಬ್ರಾಡ್‌ಕಾಸ್ಟ್’ ಮತ್ತು ‘ಬ್ರಾಡ್‌ಕಾಸ್ಟೆಡ್’ ಎರಡನ್ನೂ ಡಿಕ್ಷನರಿಗಳು ಕೊಡುತ್ತವೆ, ಮೊದಲನೆಯದು ಜಾಸ್ತಿ ಬಳಕೆಯಲ್ಲಿದೆ. ಇಂಥ ಪದಗಳಲ್ಲಿ ಊಹೆ ಮಾಡಬೇಡಿ. ಡಿಕ್ಷನರಿ ತೆರೆದು ನೋಡಿ, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬೇರೆಯಾಗಿ ಬರೆದುಕೊಳ್ಳಿ.